ದೂರದ ನೆಲದಲ್ಲಿ ದುಡಿಮೆ: ದುರ್ಗಮ ಪ್ರದೇಶಗಳ ನಿರ್ಮಾಣ ಕಾರ್ಯ ಮತ್ತು ಶ್ರಮದ ಉತ್ಪಾದಕತೆ



 ಊರಿನಿಂದಲೂ ರೈಲಿನಿಂದಲೂ ಆಸ್ಪತ್ರೆಯಿಂದಲೂ ದೂರವಾದ ನೆಲದಲ್ಲಿ ಅಣೆಕಟ್ಟನ್ನೋ ಸುರಂಗವನ್ನೋ ರಸ್ತೆಯನ್ನೋ ಕಟ್ಟುವಾಗ ಮನುಷ್ಯನ ಒಂದು ದಿನದ ದುಡಿಮೆಯಿಂದ ಎಷ್ಟು ಕೆಲಸ ಸಿದ್ಧಿಸುತ್ತದೆ, ಸಿದ್ಧಿಸಬೇಕಾದಷ್ಟು ಸಿದ್ಧಿಸದೆ ಹೋದಲ್ಲಿ ಅದಕ್ಕೆ ಕಾರಣವೇನು ಎಂಬುದೇ ಈ ಹೊತ್ತಿನ ನನ್ನ ವಿಷಯ. ಯಂತ್ರಗಳ ಕಾರ್ಯಕ್ಷಮತೆಯನ್ನಾಗಲಿ ಬಂಡವಾಳದ ಬಡ್ಡಿಯನ್ನಾಗಲಿ ನಾನು ಪ್ರತ್ಯೇಕವಾಗಿ ಚರ್ಚಿಸುವುದಿಲ್ಲ. ಮೊದಲು ಕೆಲಸದ ದಿನವೊಂದು ಹೇಗೆ ವ್ಯಯವಾಗುತ್ತದೆಂಬುದನ್ನೂ, ಆಮೇಲೆ ಋತುವಿನ ಮತ್ತು ಎತ್ತರದ ಪ್ರಭಾವವನ್ನೂ, ಅನಂತರ ಆರೋಗ್ಯ ಮತ್ತು ಆಹಾರವನ್ನೂ, ಕಡೆಗೆ ಕೆಲಸದ ಗಂಟೆಗಳನ್ನೂ ಬಿಡಾರವನ್ನೂ ಕುರಿತು ನಾಲ್ಕು ಮಾತುಗಳನ್ನಾಡುತ್ತೇನೆ.

ನನ್ನ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುವುದು ನ್ಯಾಯ. ದೂರದ ಕೆಲಸಗಳಲ್ಲಿ ಆಳು ಮೈಗಳ್ಳ, ಅವನಿಂದ ಅರ್ಧದಷ್ಟು ಕೆಲಸವೂ ಹೊರಡುವುದಿಲ್ಲ ಎಂಬ ದೂರು ಬಹು ಹಳೆಯದು. ಮೇಲಧಿಕಾರಿಗಳ ವರದಿಗಳಲ್ಲಿ, ಗುತ್ತಿಗೆದಾರರ ಅರ್ಜಿಗಳಲ್ಲಿ, ಅವಧಿ ವಿಸ್ತರಣೆಯ ಪತ್ರಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆ ದೂರಿನ ಬಹುಭಾಗ ನಿರಾಧಾರವಾದದ್ದು. ಸಿದ್ಧತೆ ಮಾಡಬೇಕಾದವರು ಮಾಡದೆ ಬಿಟ್ಟ ಸಿದ್ಧತೆಯ ಕೊರತೆಯನ್ನು ಆಳಿನ ಲೆಕ್ಕಕ್ಕೆ ಖರ್ಚು ಬರೆಯಲಾಗುತ್ತಿದೆ. ಇದನ್ನು ಸ್ಥಾಪಿಸಲು ಯತ್ನಿಸುತ್ತೇನೆ.

ನಿರ್ಮಾಣದ ಲೆಕ್ಕದಲ್ಲಿ ಶ್ರಮವನ್ನು ಅಳೆಯುವ ಮಾನ ಒಬ್ಬ ಆಳಿನ ಒಂದು ದಿನ. ಇಷ್ಟು ಘನಮೀಟರು ಅಗೆತಕ್ಕೆ ಇಷ್ಟು ಆಳು, ಇಷ್ಟು ಚದರಮೀಟರು ಗಾರೆಗೆ ಇಷ್ಟು ಮೇಸ್ತ್ರಿ, ಇಷ್ಟು ಕೈಯಾಳು ಎಂದು ದರಪಟ್ಟಿಗಳಿಗೆ ಆಧಾರವಾದ ಲೆಕ್ಕಗಳು ನಿಗದಿಮಾಡಿರುತ್ತವೆ. ಈ ನಿಗದಿಗಳ ಹಿಂದೆ ಇರುವ ಚಿತ್ರ ಸಾಮಾನ್ಯವಾಗಿ ಬಯಲಿನ, ರಸ್ತೆಯಂಚಿನ, ನೀರೂ ಸಾಮಗ್ರಿಯೂ ಕೈಗೆಟಕುವ ಜಾಗದ್ದು. ಬೆಟ್ಟಗಾಡಿಗೆ ಇಷ್ಟು ಶೇಕಡಾ ಹೆಚ್ಚಳವೆಂದು ಸೇರಿಸುವ ಪದ್ಧತಿಯೂ ಉಂಟು. ಆದರೆ ಆ ಹೆಚ್ಚಳದಿಂದ ದರ ಏರುತ್ತದೆಯೇ ಹೊರತು ದಿನ ಎಲ್ಲಿ ಸೋರಿಹೋಗುತ್ತಿದೆಯೆಂಬುದು ಯಾರಿಗೂ ತಿಳಿಯುವುದಿಲ್ಲ.

ಘಟ್ಟದ ಮೇಲಿನ ಹಳ್ಳವೊಂದಕ್ಕೆ ಸೇತುವೆ ಕಟ್ಟುತ್ತಿದ್ದ ಜಾಗದಲ್ಲಿ ಕಂಬಿ ಕಟ್ಟುವ ಎಂಟು ಜನರ ಗ್ಯಾಂಗೊಂದನ್ನು ನಾನು ಬೆಳಗಿನಿಂದ ಸಂಜೆಯವರೆಗೆ ಕುಳಿತು ನೋಡಿದ್ದೇನೆ. ಅವರು ಕೆಲಸ ಮಾಡುತ್ತಿರುವಾಗ ಅವರ ಕೈಯನ್ನು ನೋಡುವುದೇ ಒಂದು ಸಂತೋಷ: ಎಡಗೈ ಬೈಂಡಿಂಗ್ ತಂತಿಯನ್ನು ಎರಡು ಎಳೆ ಮಾಡಿ ಕಂಬಿಗಳು ಹಾಯುವ ಸಂಧಿಯ ಕೆಳಗೆ ತೂರಿಸುತ್ತದೆ, ಬಲಗೈಯ ಕೊಕ್ಕೆ ಅದನ್ನು ಹಿಡಿದು ಎರಡು ಸುತ್ತು ತಿರುಚುತ್ತದೆ, ಕಣ್ಣು ಅಷ್ಟರಲ್ಲಿಯೇ ಮುಂದಿನ ಸಂಧಿಯ ಮೇಲಿರುತ್ತದೆ. ಆದರೆ ಆ ದಿನ ಅವರ ಕೈಗೆ ಕೆಲಸ ಸಿಕ್ಕ ಹೊತ್ತೆಷ್ಟು? ಶೆಡ್ಡಿನಿಂದ ಅವರನ್ನು ಕರೆತರಬೇಕಾದ ಟ್ರ್ಯಾಕ್ಟರು ಜಲ್ಲಿಗೆ ಹೋಗಿದ್ದುದರಿಂದ ನಡೆದು ಬಂದರು. ಉಗ್ರಾಣದಿಂದ ಬಂದ ಕಂಬಿ ನಕ್ಷೆಯಲ್ಲಿದ್ದ ಗಾತ್ರದ್ದಲ್ಲ. ಬದಲಿಸಿಕೊಡಲು ರುಜು ಹಾಕತಕ್ಕವರು ಪಟ್ಟಣಕ್ಕೆ ಹೋಗಿದ್ದರು. ಕಂಬಿ ಕತ್ತರಿಸುವ ಯಂತ್ರ ಡೀಸೆಲ್ ಇಲ್ಲದೆ ನಿಂತಿತ್ತು. ಎಂಟರಲ್ಲಿ ಇಬ್ಬರು ಕುಡಿಯುವ ನೀರಿಗೆಂದು ಕೊಡ ಹಿಡಿದು ಹಳ್ಳದ ಮೇಲುಗಡೆಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಮಧ್ಯಾಹ್ನದ ಮೇಲೆ ಎಲ್ಲವೂ ಒದಗಿ ಕೆಲಸ ಓಡತೊಡಗಿದಾಗ, ಸೆಂಟ್ರಿಂಗಿನವರು ಹಲಗೆ ಹಾಸಿ ಮುಗಿಸದ ಕಡೆಗೆ ಬಂದು ಮತ್ತೆ ನಿಂತಿತು. ಸಂಜೆ ಹಾಜರಿ ಪುಸ್ತಕದ ಪಕ್ಕದಲ್ಲಿ ಕಂಬಿಯ ತೂಕವನ್ನು ಬರೆದು ನೋಡಿದರೆ ಎಂಟು ಆಳಿನ ದುಡಿಮೆಗೆ ಅದು ನಾಚಿಕೆಗೇಡಿನ ಮೊತ್ತವಾಗಿತ್ತು. ಆ ಪುಸ್ತಕದಲ್ಲಿ ಟ್ರ್ಯಾಕ್ಟರಿಗೆ, ಡೀಸೆಲಿಗೆ, ರುಜುವಿಗೆ, ನೀರಿಗೆ ಯಾವ ಅಂಕಣವೂ ಇರಲಿಲ್ಲ.

ಪಟ್ಟಣದ ಕೆಲಸದಲ್ಲಿಯೂ ಇಂತಹ ತಡೆಗಳುಂಟು. ಆದರೆ ಅಲ್ಲಿ ಮರೆತ ತಂತಿಯನ್ನು ಪಕ್ಕದ ಬೀದಿಯ ಅಂಗಡಿಯಿಂದ ತಂದುಬಿಡಬಹುದು. ಕಾಡಿನ ನಡುವೆ ಒಂದು ಸಣ್ಣ ಮರೆವು ಇಡೀ ದಿನವನ್ನು ನುಂಗುತ್ತದೆ. ಆದಕಾರಣ ದೂರದ ಕೆಲಸದಲ್ಲಿ ಉಗ್ರಾಣದ ವ್ಯವಸ್ಥೆ ಎಂಜಿನಿಯರಿಂಗಿನ ಅಂಗವೇ ಆಗಿದೆಯೆಂದು ಭಾವಿಸತಕ್ಕದ್ದು. ನಮ್ಮ ಮೈಸೂರು ದೇಶದ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಕಾಲದಲ್ಲಿ ಜೋಲಿ ಡಿ ಲಾಟ್ಬಿನಿಯರ್ ಎಂಬ ಎಂಜಿನಿಯರರು ಯೋಜಿಸಿದ ಶಿವನಸಮುದ್ರದ ವಿದ್ಯುದಾಗಾರಕ್ಕೆ ಯಂತ್ರಗಳು ಕಡಲಾಚೆಯಿಂದ ಬರಬೇಕಾಗಿತ್ತು. ರೈಲಿನಿಂದ ಇಳಿಸಿದ ಮೇಲೆ ಅವುಗಳನ್ನು ಎತ್ತುಗಳೂ ಆನೆಗಳೂ ಎಳೆದು ಜಲಪಾತದ ಕಣಿವೆಗೆ ಮುಟ್ಟಿಸಬೇಕಾಗಿತ್ತು. ಅಲ್ಲಿಂದ ಕೋಲಾರದ ಚಿನ್ನದ ಗಣಿಗಳವರೆಗೆ ಸುಮಾರು 92 ಮೈಲಿಯ ತಂತಿಯನ್ನು ಎಳೆಯಬೇಕಾಗಿತ್ತು. 1902ರ ಜೂನ್ 30ರಂದು ವಿದ್ಯುತ್ತು ಗಣಿಯನ್ನು ಮುಟ್ಟಿತು. ಸಾಗಣೆಯನ್ನು ಮುಂಚಿತವಾಗಿ ಚಿಂತಿಸದೆ ಇದ್ದಿದ್ದರೆ ಎಷ್ಟು ಸಾವಿರ ಆಳುಗಳಿದ್ದೂ ಈ ಕಾರ್ಯ ಆಗುತ್ತಿರಲಿಲ್ಲ.

ಇನ್ನು ಎರಡನೆಯ ವಿಷಯಕ್ಕೆ, ಎಂದರೆ ಋತುವಿಗೂ ನೆಲದ ಸ್ವಭಾವಕ್ಕೂ ಬರೋಣ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಆಗುಂಬೆಯಂತಹ ಸೀಮೆಯಲ್ಲಿ ವರ್ಷವೆಂದರೆ ಹನ್ನೆರಡು ತಿಂಗಳಲ್ಲ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯ ಅಣೆಕಟ್ಟನ್ನು 1964ರಲ್ಲಿ ಮುಗಿಸಿದವರಿಗೂ, ಅದಕ್ಕೆ ಮೊದಲು ಹಿರೇಭಾಸ್ಕರದ ಅಣೆಕಟ್ಟನ್ನು ಕಟ್ಟಿದವರಿಗೂ ನದಿಯ ಪಾತ್ರದೊಳಗಣ ಕೆಲಸಕ್ಕೆ ದೊರೆಯುತ್ತಿದ್ದುದು ಮಳೆ ಹಿಂದೆ ಸರಿದ ಮೇಲಿನಿಂದ ಮುಂದಿನ ಮುಂಗಾರಿನ ಮೊದಲ ಮೋಡದವರೆಗಿನ ಅವಧಿಯಷ್ಟೆ. ಆ ಅವಧಿಯಲ್ಲಿಯೂ ಮೊದಲ ಕೆಲವು ವಾರಗಳು ಕೊಚ್ಚಿಹೋದ ದಾರಿಯನ್ನು ಸರಿಪಡಿಸುವುದಕ್ಕೂ, ಕೊನೆಯ ಕೆಲವು ವಾರಗಳು ಕಟ್ಟಿದ್ದನ್ನು ಪ್ರವಾಹದಿಂದ ಕಾಪಾಡುವುದಕ್ಕೂ ಮೀಸಲು.

ಕೊಂಕಣ ರೈಲುಮಾರ್ಗದ ಇತಿಹಾಸ ಇದಕ್ಕಿಂತಲೂ ಹೆಚ್ಚಿನದನ್ನು ಕಲಿಸುತ್ತದೆ. 1990ರಲ್ಲಿ ನಿಗಮ ಸ್ಥಾಪಿತವಾಗಿ, ಇ. ಶ್ರೀಧರನ್ ಅವರ ನೇತೃತ್ವದಲ್ಲಿ ಕೆಲಸ ನಡೆದು, 1998ರ ಜನವರಿ 26ರಂದು ರೋಹಾದಿಂದ ಮಂಗಳೂರಿನವರೆಗಿನ ಇಡೀ ಮಾರ್ಗ ತೆರೆಯಿತು. ತೊಂಬತ್ತಕ್ಕೂ ಮೀರಿದ ಸುರಂಗಗಳು, ಸುಮಾರು ಎರಡು ಸಾವಿರ ಸೇತುವೆಗಳು. ಅವುಗಳಲ್ಲೊಂದು ನಮ್ಮ ಹೊನ್ನಾವರದಲ್ಲಿ ಶರಾವತಿಯನ್ನು ದಾಟುವ ಎರಡು ಕಿಲೋಮೀಟರಿಗೂ ಮೀರಿದ ಸೇತುವೆ. ರತ್ನಾಗಿರಿಯ ಬಳಿಯ ಕರ್ಬುಡೆ ಸುರಂಗದ ಉದ್ದ ಆರೂವರೆ ಕಿಲೋಮೀಟರು. ಅದನ್ನು ಗಟ್ಟಿ ಕಲ್ಲಿನಲ್ಲಿ ಕೊರೆಯಲಾಯಿತು. ಗೋವೆಯ ಪೆರ್ನೆಂ ಸುರಂಗದ ಉದ್ದ ಒಂದೂವರೆ ಕಿಲೋಮೀಟರಿನಷ್ಟು. ಆದರೆ ಅದು ನೀರು ಕುಡಿದ ಮೆತ್ತನೆಯ ಮಣ್ಣಿನಲ್ಲಿದ್ದುದರಿಂದ ಅಗೆದಂತೆಲ್ಲ ಕುಸಿಯುತ್ತ ಸುಮಾರು ಆರು ವರ್ಷಗಳನ್ನು ತೆಗೆದುಕೊಂಡಿತು. ಅದರಲ್ಲಿ ದುಡಿದವರು ಕರ್ಬುಡೆಯಲ್ಲಿ ದುಡಿದವರಿಗಿಂತ ಕಡಿಮೆ ಬೆವರು ಸುರಿಸಿದರೆಂದು ಯಾರು ಹೇಳಬಲ್ಲರು? ಈ ಮಾರ್ಗದ ಕೆಲಸದಲ್ಲಿ ಪ್ರಾಣ ತೆತ್ತವರ ನೆನಪಿಗಾಗಿ ರತ್ನಾಗಿರಿಯಲ್ಲಿ ಶ್ರಮಶಕ್ತಿ ಸ್ಮಾರಕವಿದೆ. ಆ ಕಡೆ ಹೋದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನು ನೋಡದೆ ಬರಬಾರದು.

ಇದೇ ಸಂಗತಿಯನ್ನು ಒಂದೇ ಸುರಂಗದ ಎರಡು ಬಾಯಿಗಳಲ್ಲಿ ನೋಡಬೇಕೆಂದರೆ ಹಿಮಾಲಯಕ್ಕೆ ಹೋಗಬೇಕು. ಮನಾಲಿಯಿಂದ ಲಾಹೌಲ್ ಕಣಿವೆಗೆ ರೋಹತಾಂಗ್ ಕಣಿವೆಮಾರ್ಗದ ಅಡಿಯಲ್ಲಿ ಹಾಯುವ ಅಟಲ್ ಸುರಂಗದ ಉದ್ದ 9.02 ಕಿಲೋಮೀಟರು, ಸಮುದ್ರಮಟ್ಟದಿಂದ ಅದು ಮೂರು ಸಾವಿರ ಮೀಟರಿಗೂ ಎತ್ತರದಲ್ಲಿದೆ. 2010ರಲ್ಲಿ ಆರಂಭವಾದ ಕೆಲಸ ಮುಗಿದು ಸುರಂಗ ಸಂಚಾರಕ್ಕೆ ತೆರೆದದ್ದು 2020ರ ಅಕ್ಟೋಬರ್ 3ರಂದು. ದಕ್ಷಿಣದ ಬಾಯಿಗೆ ಮನಾಲಿಯ ಕಡೆಯಿಂದ ವರ್ಷವಿಡೀ ಹೋಗಬಹುದಾಗಿತ್ತು; ಉತ್ತರದ ಬಾಯಿಯನ್ನು ಮುಟ್ಟಬೇಕಾದರೆ ರೋಹತಾಂಗನ್ನು ದಾಟಬೇಕು, ರೋಹತಾಂಗ್ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುತ್ತದೆ. ಹೀಗಾಗಿ ಉತ್ತರದಲ್ಲಿ ವರ್ಷದ ಅರ್ಧಭಾಗ ಮಾತ್ರ ಅಗೆತಕ್ಕೆ ಒದಗುತ್ತಿತ್ತು. ಇತ್ತ ದಕ್ಷಿಣದವರಿಗೆ ಎದುರಾದುದು ಮೇಲೆ ಹರಿಯುವ ಸೇರಿ ನಾಲಾ ಎಂಬ ತೊರೆಯ ನೀರು ಇಳಿದು ಸಡಿಲವಾಗಿದ್ದ ಭಾಗ. ಆರುನೂರು ಮೀಟರೂ ಇಲ್ಲದ ಆ ಭಾಗವೊಂದನ್ನೇ ದಾಟಲು ಸುಮಾರು ನಾಲ್ಕು ವರ್ಷಗಳು ಹಿಡಿದವು. ಒಂದು ಕಡೆ ಹಿಮ ವರ್ಷವನ್ನು ಕತ್ತರಿಸಿತು, ಇನ್ನೊಂದು ಕಡೆ ನೀರು ನೆಲವನ್ನು ಕೆಡಿಸಿತು. ತಲೆಗಿಷ್ಟು ಮೀಟರೆಂದು ಲೆಕ್ಕ ಹಾಕುವ ಗುಮಾಸ್ತನ ಕಾಗದದಲ್ಲಿ ಇವೆರಡೂ ಆಳಿನ ಮಾಂದ್ಯವಾಗಿಯೇ ಕಾಣುತ್ತವೆ.

ಎತ್ತರದ ಮಾತು ಬಂದುದರಿಂದ ಇನ್ನೊಂದನ್ನು ಸೇರಿಸಬೇಕು. ಲೇಹ್ ಪಟ್ಟಣವಿರುವ ಸುಮಾರು 3,500 ಮೀಟರಿನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟು. 5,500 ಮೀಟರಿನ ಸುಮಾರಿನಲ್ಲಿ ಅರ್ಧದಷ್ಟು. ಅಲ್ಲಿ ಒಂದು ಮಂಕರಿ ಮಣ್ಣನ್ನು ಹೊತ್ತು ಹತ್ತು ಹೆಜ್ಜೆ ನಡೆದವನು ನಿಂತು ಉಸಿರು ತಿರುಗಿಸಿಕೊಳ್ಳುವುದು ಶರೀರಧರ್ಮ. ಯಂತ್ರವೂ ಅಲ್ಲಿ ಏದುಸಿರು ಬಿಡುತ್ತದೆ. ಸಾಮಾನ್ಯ ಡೀಸೆಲ್ ಎಂಜಿನ್ನಿನ ಬಲ ಎತ್ತರಕ್ಕೆ ಹೋದಂತೆ ಕುಗ್ಗುತ್ತದೆ. ಕಾಂಕ್ರೀಟು ಚಳಿಗೆ ಮಂದವಾಗಿ ಗಟ್ಟಿಯಾಗುತ್ತದೆ, ಬಲಿಯುವ ಮುನ್ನ ಹೆಪ್ಪುಗಟ್ಟಿದರೆ ಕೆಟ್ಟೇಹೋಗುತ್ತದೆ. ಎಂಜಿನ್ನಿಗೆ ರಿಯಾಯಿತಿ ಕೊಡುವ ಕೋಷ್ಟಕಗಳನ್ನು ನಾವು ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿದ್ದೇವೆ. ಆಳಿನ ಮೈಗೂ ಅಂತಹ ರಿಯಾಯಿತಿ ಬೇಕು. 1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆ ಸಂಸ್ಥೆಯ ಕೆಲಸಕ್ಕೆ ಝಾರ್ಖಂಡದ ದುಮ್ಕಾ ಸೀಮೆಯಿಂದ ವರ್ಷವರ್ಷವೂ ಬೇಸಿಗೆಯಲ್ಲಿ ಲಡಾಖಿಗೆ ಹೋಗುವ ಕಾರ್ಮಿಕರು ತಗ್ಗಿನ ಬಿಸಿಲುನಾಡಿನಲ್ಲಿ ಹುಟ್ಟಿ ಬೆಳೆದವರು. ಆ ಎತ್ತರಕ್ಕೆ ಹೋಗುವ ಸೈನಿಕನಿಗೆ ಹಂತಹಂತವಾಗಿ ದಿನಗಳನ್ನು ಗೊತ್ತುಮಾಡಿ ಮೈಯನ್ನು ಒಗ್ಗಿಸುವ ಕ್ರಮವಿದೆ. ಕಲ್ಲು ಒಡೆಯುವವನ ಶ್ವಾಸಕೋಶವೂ ಸೈನಿಕನದರಂತೆಯೇ ಇರುವುದರಿಂದ, ಒಗ್ಗಿಸಿಕೊಳ್ಳುವ ಆ ದಿನಗಳನ್ನು ಸಂಬಳಸಹಿತವಾಗಿ ಅಂದಾಜಿನಲ್ಲಿಯೇ ಬರೆದಿಡುವುದು ನ್ಯಾಯವೂ ಹೌದು, ಲಾಭವೂ ಹೌದು.

ಮೂರನೆಯ ವಿಷಯ ಆರೋಗ್ಯ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಿರ್ಮಾಣದ ಇತಿಹಾಸದಲ್ಲಿಯೇ ಅತ್ಯಂತ ದೊಡ್ಡ ಪಾಠ ಇಲ್ಲಿದೆ. ಪನಾಮಾ ಕಾಲುವೆಯನ್ನು ತೋಡಲು ಫ್ರೆಂಚರು 1881ರಲ್ಲಿ ಕೈಹಾಕಿದರು. ಸೂಯೆಜ್ ಕಾಲುವೆಯ ಕೀರ್ತಿ ಅವರ ಬೆನ್ನಿಗಿತ್ತು, ಹಣವಿತ್ತು, ಪ್ರತಿಭಾವಂತರಾದ ಎಂಜಿನಿಯರುಗಳಿದ್ದರು. ಹಳದಿ ಜ್ವರವನ್ನೂ ಮಲೇರಿಯಾವನ್ನೂ ಸೊಳ್ಳೆಗಳು ಹರಡುತ್ತವೆಂಬ ಜ್ಞಾನ ಆಗಿನ್ನೂ ಸಿದ್ಧಿಸಿರಲಿಲ್ಲ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. 1889ರಲ್ಲಿ ಕಂಪನಿ ಮುಳುಗಿತು. ಅಮೆರಿಕನ್ನರು 1904ರಲ್ಲಿ ಅದೇ ಕೆಲಸವನ್ನು ಹಿಡಿದಾಗ ಮೊದಲ ವರ್ಷ ಅವರದೂ ಅದೇ ಗತಿಯಾಯಿತು: ಮಣ್ಣು ಹಾರಲೆಂದು ವಾಷಿಂಗ್ಟನ್ನಿನಿಂದ ಒತ್ತಾಯ, ಜ್ವರದ ಭೀತಿಯಿಂದ ಓಡಿಹೋಗುವ ನೌಕರರು. 1905ರಲ್ಲಿ ಮುಖ್ಯ ಎಂಜಿನಿಯರರಾಗಿ ಬಂದ ಜಾನ್ ಸ್ಟೀವನ್ಸ್ ಎಂಬವರು ಬಂದೊಡನೆ ಮಾಡಿದ ಕೆಲಸ ಅಗೆತವನ್ನು ನಿಲ್ಲಿಸಿದ್ದು. ಅಗೆಯುವ ಆಳುಗಳನ್ನು ಮನೆ ಕಟ್ಟಲು, ಚರಂಡಿ ತೋಡಲು, ಕುಡಿಯುವ ನೀರು ತರಲು, ರೈಲುಮಾರ್ಗವನ್ನು ಬಲಪಡಿಸಲು ಹಚ್ಚಿದರು. ವೈದ್ಯಾಧಿಕಾರಿ ವಿಲಿಯಂ ಗೋರ್ಗಾಸರು ಕೇಳಿದ ಆಳನ್ನೂ ಸಾಮಗ್ರಿಯನ್ನೂ ಮರುಮಾತಿಲ್ಲದೆ ಕೊಟ್ಟರು. ಮನೆಮನೆಗೆ ಹೊಗೆ ಹಾಕಿ, ನಿಂತ ನೀರಿಗೆ ಎಣ್ಣೆ ಸುರಿದು, ಆ ವರ್ಷದ ಕೊನೆಯ ವೇಳೆಗೆ ಹಳದಿ ಜ್ವರವನ್ನು ಅಲ್ಲಿಂದ ತೊಲಗಿಸಲಾಯಿತು. ಅಗೆತ ನಿಂತಿದ್ದ ಆ ತಿಂಗಳುಗಳ ಪ್ರಗತಿಪತ್ರದಲ್ಲಿ ಶ್ರಮದ ಉತ್ಪಾದಕತೆ ಶೂನ್ಯ. 1914ರಲ್ಲಿ ಕಾಲುವೆಯಲ್ಲಿ ಹಡಗು ಹಾಯಲು ಆ ತಿಂಗಳುಗಳೇ ಕಾರಣವಾದವು.

ಈ ಕಥೆಗೆ ಕತ್ತಲಿನ ಪಾರ್ಶ್ವವೂ ಉಂಟು. ಬಾರ್ಬಡೋಸ್ ಮೊದಲಾದ ದ್ವೀಪಗಳಿಂದ ಬಂದ ಕರಿಯ ಕಾರ್ಮಿಕರನ್ನು ಬೆಳ್ಳಿಯ ಪಟ್ಟಿಯಲ್ಲಿಯೂ ಅಮೆರಿಕದ ಬಿಳಿಯರನ್ನು ಚಿನ್ನದ ಪಟ್ಟಿಯಲ್ಲಿಯೂ ಸೇರಿಸಿ, ಸಂಬಳ ವಸತಿ ಊಟ ಎಲ್ಲವನ್ನೂ ಬೇರೆಮಾಡಿದ್ದರು. ಆ ದ್ವೀಪದವರು ಸ್ವಭಾವತಃ ಆಲಸಿಗಳೆಂದು ಮೊದಲ ವರ್ಷಗಳಲ್ಲಿ ಅಧಿಕಾರಿಗಳು ಬರೆದರು. ಅವರಿಗೆ ಹೊಟ್ಟೆತುಂಬ ಆಹಾರ ಸಿಗುತ್ತಿಲ್ಲವೆಂಬುದು ಅನಂತರ ಹೊಳೆದು, ಊಟದ ಏರ್ಪಾಡಾಗಿ ಕೆಲಸಕ್ಕೆ ಪಳಗಿದ ಮೇಲೆ ಅದೇ ಕೈಗಳು ಕಾಲುವೆಯ ಹಾದಿಗೆ ಅಡ್ಡವಾಗಿದ್ದ ಕುಲೆಬ್ರಾದ ಬೆಟ್ಟವನ್ನು ಸೀಳಿದವು. ಆದರೂ ಜ್ವರದಿಂದ, ಸಿಡಿಮದ್ದಿನಿಂದ, ಭೂಕುಸಿತದಿಂದ ಹೆಚ್ಚಾಗಿ ಸತ್ತವರು ಅವರೇ.

ಯುರೋಪಿನ ಆಲ್ಪ್ಸ್ ಪರ್ವತದಲ್ಲಿಯೂ ಇಂತಹುದೇ ಒಂದು ಸಾಕ್ಷ್ಯವಿದೆ. 1872ರಿಂದ ಹತ್ತು ವರ್ಷ ನಡೆದ ಗೋಥಾರ್ಡ್ ರೈಲುಸುರಂಗದ ಕೆಲಸದಲ್ಲಿ ಕಾರ್ಮಿಕರು ಬಿಳಿಚಿಕೊಂಡು, ನಿತ್ರಾಣರಾಗಿ, ನಾಲ್ಕು ಹೆಜ್ಜೆಗೆ ಏದುತ್ತ ಬಿದ್ದುಹೋಗುತ್ತಿದ್ದರು. 1880ರ ಸುಮಾರಿಗೆ ಟ್ಯೂರಿನ್ನಿನ ವೈದ್ಯವಿಜ್ಞಾನಿಗಳು ಅದಕ್ಕೆ ಕರುಳಿನ ಕೊಕ್ಕೆಹುಳು ಕಾರಣವೆಂದು ತೋರಿಸಿಕೊಟ್ಟರು. ಬಿಸಿಯಾದ ತೇವದ ಸುರಂಗದಲ್ಲಿ ಶೌಚಕ್ಕೆ ಏರ್ಪಾಡಿಲ್ಲದೆ, ಬರಿಗಾಲಿಗೆ ಕೆಸರು ತಗುಲಿ ಆ ಹುಳು ಹಬ್ಬುತ್ತಿತ್ತು. ಮುಂದೆ ಸಿಂಪ್ಲಾನ್ ಸುರಂಗವನ್ನು ಕೊರೆದವರು ಸ್ನಾನಗೃಹ, ಬಟ್ಟೆ ಬದಲಾಯಿಸುವ ಕೋಣೆ, ಶೌಚವ್ಯವಸ್ಥೆ, ಒಳಗೆ ಗಾಳಿ ಇವೆಲ್ಲವನ್ನೂ ಯೋಜನೆಯೊಳಗೇ ಸೇರಿಸಿದರು. ಅಲ್ಲಿ ಮಡಿದವರ ಸಂಖ್ಯೆ ಬಹಳ ಕಡಿಮೆಯಾಯಿತು. ನಮ್ಮ ಮಲೆನಾಡಿಗೂ ಮಲೇರಿಯಾದ ಕರಾಳ ಚರಿತ್ರೆಯಿದೆ. ಘಟ್ಟದ ಕೆಳಗಿನವರನ್ನೂ ಬಯಲಿನವರನ್ನೂ ಕರೆತಂದು ಕೆಲಸಕ್ಕಿಟ್ಟವರು ಜ್ವರದಿಂದ ಮೈ ಬೆಚ್ಚಗಾಗಿ ಮಲಗಿದವನನ್ನು ಕಳ್ಳಾಟವಾಡುತ್ತಿದ್ದಾನೆಂದು ಎಬ್ಬಿಸಿದ ಸಂಗತಿಗಳನ್ನು ಹಿರಿಯರ ಬಾಯಲ್ಲಿ ಕೇಳಿದ್ದೇನೆ.

ಆಹಾರದ ಬಗೆಗೆ ಒಂದೇ ಮಾತು. ರಾಯಚೂರು ಸೀಮೆಯ ಜೋಳದ ರೊಟ್ಟಿಯವನಿಗೆ ದಿನವೂ ನೀರು ಸಾರು, ದಪ್ಪಕ್ಕಿಯ ಅನ್ನವನ್ನೇ ಬಡಿಸಿ ಹೆಚ್ಚು ಕೆಲಸವನ್ನು ಅಪೇಕ್ಷಿಸತಕ್ಕದ್ದಲ್ಲ. ಅವರವರ ಅಡುಗೆಯವರನ್ನು ಅವರವರ ಗುಂಪಿನೊಡನೆ ಕರೆತರುವ ಖರ್ಚು ಅತ್ಯಲ್ಪ.

ಕಡೆಯದಾಗಿ ಕೆಲಸದ ಗಂಟೆಗಳನ್ನೂ ಬಿಡಾರವನ್ನೂ ಕುರಿತು ಹೇಳಬೇಕಾಗಿದೆ. ಅಷ್ಟು ದೂರ ಕರೆದೊಯ್ದ ಮೇಲೆ ಅವನಿಗೆ ಅಲ್ಲಿ ಮಾಡಲು ಬೇರೇನಿದೆ, ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ಏಳು ದಿನ ದುಡಿಯಲಿ ಎಂಬ ವಿಚಾರ ಮೇಲುನೋಟಕ್ಕೆ ಯುಕ್ತವಾಗಿ ತೋರುತ್ತದೆ. ಹೆಚ್ಚು ಕೂಲಿಯ ಆಸೆಗೆ ಕಾರ್ಮಿಕರೂ ಒಪ್ಪುತ್ತಾರೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳ ಕಾರ್ಮಿಕರ ಆರೋಗ್ಯವನ್ನು ವಿಚಾರಿಸಲು ನೇಮಿಸಿದ್ದ ಸಮಿತಿಗಾಗಿ ಎಚ್. ಎಂ. ವರ್ನನ್ ಎಂಬ ವಿಜ್ಞಾನಿ ಈ ಸಂಗತಿಯನ್ನು ಅಳೆದು ನೋಡಿದರು. ಅತಿದೀರ್ಘವಾದ ಗಂಟೆಗಳನ್ನು ಕಡಿಮೆಮಾಡಿದಲ್ಲಿ ವಾರದ ಒಟ್ಟು ಉತ್ಪತ್ತಿ ಕುಗ್ಗದೆ ನಿಂತುದನ್ನೂ, ಕೆಲವೆಡೆ ಏರಿದುದನ್ನೂ ಅವರು ಕಂಡರು. ಅಮೆರಿಕದಲ್ಲಿ ನಿರ್ಮಾಣದ ಕೆಲಸಗಳನ್ನು ಪರಿಶೀಲಿಸಿ 1980ರಲ್ಲಿ ಪ್ರಕಟಿಸಿದ ವರದಿಯೂ ವಾರಗಟ್ಟಲೆ ಎಡೆಬಿಡದೆ ನಡೆಸಿದ ಹೆಚ್ಚುವರಿ ದುಡಿಮೆಯ ಲಾಭ ಕೆಲವೇ ವಾರಗಳಲ್ಲಿ ಕರಗಿಹೋಗುವುದನ್ನು ತೋರಿಸಿತು. ದಣಿದ ಕೈ ತಪ್ಪು ಕಟ್ಟುತ್ತದೆ. ತಪ್ಪಿದ್ದನ್ನು ಬಿಚ್ಚಿ ಮತ್ತೆ ಕಟ್ಟುವ ದಿನಗಳು ಪ್ರತ್ಯೇಕವಾಗಿ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ.

ಬಿಡಾರದ ವಿಷಯದಲ್ಲಿ ಜಾಗ ಬಿಟ್ಟು ಹೋಗುವವರ ಪ್ರಶ್ನೆಯೇ ಮುಖ್ಯ. ಒಂದು ಗ್ಯಾಂಗು ಆ ನೆಲಕ್ಕೆ, ಆ ಮೇಸ್ತ್ರಿಗೆ, ಆ ಯಂತ್ರಕ್ಕೆ ಹೊಂದಿಕೊಳ್ಳಲು ವಾರಗಳು ಬೇಕು. ಅಷ್ಟರಲ್ಲಿ ಅದು ಹೊರಟುಹೋಗಿ ಹೊಸಬರು ಬಂದರೆ ಪಾಠವನ್ನು ಮೊದಲಿನಿಂದ ಆರಂಭಿಸಬೇಕು. ಏಕೆ ಹೋಗುತ್ತಾರೆ? ತಗಡಿನ ಶೆಡ್ಡು ಸೋರುತ್ತದೆ. ಬಟವಾಡೆ ಹೇಳಿದ ದಿನಕ್ಕೆ ಆಗುವುದಿಲ್ಲ. ಅಡ್ವಾನ್ಸಿನ ಲೆಕ್ಕ ಮೇಸ್ತ್ರಿಯ ಚೀಟಿಯಲ್ಲಿರುತ್ತದೆಯೇ ಹೊರತು ಆಳಿನ ಕೈಯಲ್ಲಿರುವುದಿಲ್ಲ. ಮನೆಯವರೊಡನೆ ಮಾತನಾಡಲು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕು. ತಾಯಿ ಕಾಂಕ್ರೀಟಿನ ಬಾಂಡಲಿ ಹೊರುವಾಗ ಮಗು ಮರಳಿನ ರಾಶಿಯ ಮೇಲಿರುತ್ತದೆ. ಕೊನೆಯ ಸಂಗತಿಗೆ 1996ರ ಕಟ್ಟಡ ಕಾರ್ಮಿಕರ ಕಾಯಿದೆಯೇ ಉತ್ತರ ಹೇಳಿತ್ತು: ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಗಳಿಗೆ ಕೋಣೆ ಇರಬೇಕು. ಅಂತಾರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಆದ ಕಾಯಿದೆ ಪ್ರಯಾಣಭತ್ಯೆಯನ್ನೂ ಊರು ಬಿಟ್ಟು ಬಂದುದಕ್ಕೆ ಪ್ರತ್ಯೇಕ ಭತ್ಯೆಯನ್ನೂ ವಿಧಿಸಿತ್ತು. ಕಾಯಿದೆಯ ದೃಷ್ಟಿ ತಲುಪದಷ್ಟು ದೂರದಲ್ಲಿ ಈ ಕೆಲಸಗಳು ನಡೆಯುತ್ತವೆಂಬುದೇ ನಮ್ಮ ದುಃಖ. ಯುಗಾದಿಗೆ, ಸುಗ್ಗಿಗೆ, ಊರ ಜಾತ್ರೆಗೆ ಆಳುಗಳು ಹೋಗಿಯೇ ಹೋಗುತ್ತಾರೆ. ಅದನ್ನು ವಿಘ್ನವೆಂದು ಭಾವಿಸುವ ಬದಲು, ಹೋಗಿಬರುವ ಬಸ್ಸನ್ನು ನಾವೇ ಗೊತ್ತುಮಾಡಿದರೆ ಹೋದವರಲ್ಲಿ ಹೆಚ್ಚಿನವರು ಮರಳಿ ಬರುತ್ತಾರೆ.

ನಮ್ಮ ಕಾರ್ಮಿಕನ ಕೈಯ ಶಕ್ತಿಯಲ್ಲಿ ಸಂದೇಹವಿರುವವರು 2023ರ ನವೆಂಬರ್ ತಿಂಗಳನ್ನು ನೆನೆಯಬೇಕು. ಉತ್ತರಾಖಂಡದ ಸಿಲ್‌ಕ್ಯಾರಾ ಸುರಂಗ ಕುಸಿದು 41 ಜನ ಹದಿನೇಳು ದಿನ ಒಳಗೆ ಸಿಕ್ಕಿಬಿದ್ದಿದ್ದರು. ಕೊರೆಯುವ ಯಂತ್ರ ಮುರಿದು ನಿಂತ ಮೇಲೆ, ಕೊನೆಯ ಹತ್ತು ಹನ್ನೆರಡು ಮೀಟರುಗಳನ್ನು ಇಲಿಬಿಲದಂತೆ ಇಕ್ಕಟ್ಟಾಗಿ ಅಗೆಯುವುದರಲ್ಲಿ ಪಳಗಿದ ಹನ್ನೆರಡು ಮಂದಿ ಕಾರ್ಮಿಕರು ಕೊಳವೆಯೊಳಗೆ ತೆವಳಿ ಕೈಯಿಂದಲೇ ಅಗೆದು, ಸುಮಾರು ಒಂದು ದಿನದಲ್ಲಿ ದಾರಿ ಮಾಡಿದರು. ಅವರಿಗೆ ಬೇಕಾದ ಸಲಕರಣೆ ಕೈಗೆ ಬರುತ್ತಿತ್ತು, ತೆಗೆದ ಮಣ್ಣು ಒಡನೆಯೇ ಹೊರಗೆ ಹೋಗುತ್ತಿತ್ತು, ದಣಿದವನ ಜಾಗಕ್ಕೆ ಇನ್ನೊಬ್ಬ ಸಿದ್ಧನಿದ್ದ, ಇಡೀ ದೇಶ ಅವರ ಬೆನ್ನಿಗೆ ನಿಂತಿತ್ತು. ಆ ಹನ್ನೆರಡು ಮಂದಿ ಮರುವಾರ ಬೇರೊಂದು ಕೆಲಸಕ್ಕೆ ಹೋದಾಗ ಅದೇ ಏರ್ಪಾಡಿನ ಹತ್ತರಲ್ಲೊಂದು ಪಾಲಾದರೂ ಅವರಿಗೆ ದೊರೆಯಿತೇ ಎಂದು ಕೇಳುವ ಹಕ್ಕು ನಮ್ಮೆಲ್ಲರಿಗೂ ಇದೆ.

ವಿದ್ಯಾರ್ಥಿ ಮಿತ್ರರೇ, ಕೆಲವೇ ವರ್ಷಗಳಲ್ಲಿ ನಿಮ್ಮಲ್ಲಿ ಅನೇಕರು ಇಂತಹ ಜಾಗಗಳಿಗೆ ಅಂದಾಜುಪಟ್ಟಿಗಳನ್ನು ತಯಾರಿಸುವಿರಿ. ಈಗಿನ ಪಟ್ಟಿಗಳಲ್ಲಿ ಕಾರ್ಮಿಕರ ವಸತಿ, ನೀರು, ಶೌಚ, ವೈದ್ಯ, ಪ್ರಯಾಣ ಇವೆಲ್ಲ ಕೊನೆಯ ಪುಟದಲ್ಲಿ ಇತರೆ ಖರ್ಚು ಎಂಬ ಒಂದೇ ಸಾಲಿನಲ್ಲಿ ಅಡಗಿರುತ್ತವೆ. ಹಣ ಸಾಲದಾದಾಗ ಮೊದಲು ಕತ್ತರಿಸುವುದೂ ಆ ಸಾಲನ್ನೇ. ನೀವು ಅವುಗಳನ್ನು ಮೊದಲ ಪುಟಕ್ಕೆ ತನ್ನಿರಿ. ಒಂದೊಂದಕ್ಕೂ ಪ್ರತ್ಯೇಕವಾದ ಅಳತೆಯನ್ನೂ ದರವನ್ನೂ ಬರೆಯಿರಿ. ಅವು ಪೂರ್ಣವಾಗುವವರೆಗೆ ಮೊದಲ ಗುದ್ದಲಿಯನ್ನು ನೆಲಕ್ಕೆ ಹಾಕಲು ಅನುಮತಿ ಕೊಡಬೇಡಿರಿ. ಹಾಜರಿ ಪುಸ್ತಕದಲ್ಲಿ ಆಳು ಕಾದು ಕುಳಿತ ಹೊತ್ತಿಗೂ, ಕಾಯಿಸಿದವರ ಹೆಸರಿಗೂ ಒಂದೊಂದು ಅಂಕಣವನ್ನು ಗೆರೆ ಎಳೆದು ಸೇರಿಸಿರಿ. ಇಷ್ಟನ್ನು ಮಾಡಬೇಕೆಂದು ನಿಮ್ಮಲ್ಲಿ ವಿನಂತಿಸಿಕೊಳ್ಳುತ್ತೇನೆ.